ಹೊಂಬಾಳಮ್ಮನ ಹೆಸರು

ಬೆಟ್ಟಮ್ಮ ತನ್ನ ಅತ್ತೆಯ ಹೆಸರನ್ನು ಒಂದು ದಿನವೂ ಬಾಯಿಬಿಟ್ಟು ಹೇಳಿದವಳಲ್ಲ. ಅತ್ತೆ ಬದುಕಿದ್ದಾಗಲೂ ಹೇಳಲಿಲ್ಲ, ಮಣ್ಣಾದ ಮೇಲೂ ಹೇಳಲಿಲ್ಲ. ಹನಕೆರೆಯ ಆ ಮನೆಯ ಹೊಸಿಲು ತುಳಿಯುವ ಮುಂಚೆಯೇ ಹೆತ್ತವ್ವ ಕಿವಿಯಲ್ಲಿ ಊದಿ ಕಳಿಸಿದ್ದಳು: ಗಂಡನ ಹೆಸರು, ಅತ್ತೆಯ ಹೆಸರು ನಾಲಿಗೆ ಮೇಲೆ ತರಬೇಡ, ತಂದರೆ ನಾಲಿಗೆಯಲ್ಲಿ ಗುಳ್ಳೆ ಏಳುತ್ತದೆ. ಗುಳ್ಳೆಯನ್ನು ಕಂಡವರು ಯಾರೂ ಇರಲಿಲ್ಲ. ಹೇಳಿ ನೋಡಿದವರೂ ಇರಲಿಲ್ಲ.

ಇದೇನು ಅವಳೊಬ್ಬಳ ಕಥೆಯಲ್ಲ. ಬೆಟ್ಟಮ್ಮನ ಸೊಸೆ ಸಣ್ಣತಾಯಮ್ಮನೂ ಹಾಗೆಯೇ. ಅತ್ತೆಯ ಹೆಸರಿನಲ್ಲಿ ಬೆಟ್ಟ ಇದೆಯೆಂದು ಮೈಸೂರಿಗೆ ಹೋದಾಗಲೂ ಅವಳು ಚಾಮುಂಡಿ ಗುಡ್ಡ ಹತ್ತಿ ಬರುತ್ತಾಳೆಯೇ ಹೊರತು ಬೆಟ್ಟ ಹತ್ತುವುದಿಲ್ಲ. ಕೇಳಿದವರು ನಗುತ್ತಾರೆ. ನಗಲಿ ಎಂದು ಅವಳೂ ನಗುತ್ತಾಳೆ.

ಬೆಟ್ಟಮ್ಮನ ಅತ್ತೆಯ ಹೆಸರು ಹೊಂಬಾಳಮ್ಮ. ಈ ಭೂಮಿಯ ಮೇಲೆ ಅದು ಗೊತ್ತಿದ್ದವರು ಈಗ ಬೆರಳೆಣಿಕೆಯ ಮಂದಿ. ಮಾವ ಊರ ಗೌಡರಾಗಿದ್ದರಿಂದ ಊರಿಗೆ ಊರೇ ಅತ್ತೆಯನ್ನು ಗೌಡಮ್ಮ ಎಂದು ಕರೆಯಿತು. ಮಾವನೂ ಹೆಂಡತಿಯ ಹೆಸರು ಹಿಡಿದು ಕೂಗಿದವರಲ್ಲ, ಅವರದು ಬರೀ "ಇವಳೇ". ಪಹಣಿ ಬರೆಸುವಾಗಲೂ ಅವರು ಗೌಡಮ್ಮ ಎಂದೇ ಬರೆಸಿದರು. ಬೆಟ್ಟಮ್ಮನ ಮಗ ಪುಟ್ಟಸ್ವಾಮಿ ಅಂಬೆಗಾಲಿಕ್ಕುವ ಹೊತ್ತಿಗೆ ಅತ್ತೆ ಕಣ್ಣು ಮುಚ್ಚಿದಳು. ಮಾವ, ಗಂಡ ಇಬ್ಬರೂ ಹೋದ ಮೇಲೆ ಆ ಮನೆಯಲ್ಲಿ ಹೆಸರು ಬಲ್ಲವಳು ಬೆಟ್ಟಮ್ಮ ಒಬ್ಬಳೇ ಉಳಿದಳು. ಹೇಳಬಾರದವಳೂ ಅವಳೊಬ್ಬಳೇ.

ಅವಳು ಅದನ್ನು ಒಳಗೇ ಇಟ್ಟುಕೊಂಡು ತಾಳ್ಮೆಯಿಂದ ಕಾಲ ತಳ್ಳಿಬಿಡುತ್ತಿದ್ದಳೋ ಏನೋ. ಆದರೆ ಮೊಮ್ಮಗ ಯತೀಶನಿಗೆ ಹೆಣ್ಣುಮಗು ಹುಟ್ಟಿತು. ಆ ಮನೆಗೆ ಮೊದಲ ಮರಿಮಗಳು.

ಯತೀಶನ ಹೆಂಡತಿ ದೀಪಿಕ ಮಂಡ್ಯ ಪಟ್ಟಣದವಳು, ಅಲ್ಲೇ ಒಂದು ಶಿಶುವಿಹಾರದಲ್ಲಿ ಟೀಚರು. ಬಾಣಂತನಕ್ಕೆ ತವರಲ್ಲಿದ್ದಳು. ಮಗುವಿಗೆ ಆದ್ವಿಕಾ ಎಂದು ಹೆಸರು ಆರಿಸಿಟ್ಟಿದ್ದಳು. ಮಗು ನೋಡಲು ಹೋದ ಬೆಟ್ಟಮ್ಮ ಅದನ್ನು ಮಡಿಲಿಗೆ ಹಾಕಿಕೊಂಡವಳು ಮೆಲ್ಲಗೆ ಕೇಳಿದಳು: "ನಮ್ಮತ್ತೆ ಎಸ್ರು ಮಡಗಾದಾ ಕಣವ್ವ?"

ದೀಪಿಕಳ ತಾಯಿ ಒಳಗಿಂದಲೇ, "ಗೌಡಮ್ಮ ಅಂತಾನಾ? ಎಳೇ ಕೂಸಿಗೆ? ಅಯ್ಯೋ ಬಿಡಿ" ಎಂದು ನಕ್ಕರು. ದೀಪಿಕ ಮಾತ್ರ ಮುದುಕಿಯ ಮುಖ ನೋಡಿ ಮರುಗಿದಳು. "ಕರೆಯೋಕೆ ಆದ್ವಿಕಾ ಇರ್ಲಿ ಅಜ್ಜಿ. ತೊಟ್ಟಿಲಿಗೆ ಹಾಕೋ ದಿನ ಕಿವೀಲಿ ಹೇಳ್ತಾರಲ್ಲ, ಅದು ಮುತ್ತಜ್ಜಿ ಹೆಸರೇ ಆಗ್ಲಿ. ಚಂದನಂಗೆ ಹೇಳ್ತೀನಿ, ಗೌಡಮ್ಮ ಅಂತ ಹೇಳ್ತಾಳೆ."

ಚಂದನ ಯತೀಶನ ತಂಗಿ, ಮಗುವಿಗೆ ಸೋದರತ್ತೆ. ಕಿವಿಯಲ್ಲಿ ಹೆಸರು ಹೇಳುವ ಹಕ್ಕು ಅವಳದು.

ಬೆಟ್ಟಮ್ಮ ಮಡಿಲ ಮಗುವನ್ನೇ ನೋಡಿದಳು. ಸುಮ್ಮನಿದ್ದಿದ್ದರೆ ಅತ್ತೆಯ ಹೆಸರು ತನ್ನ ಜೊತೆ ಮಣ್ಣಿಗೆ ಹೋಗುತ್ತಿತ್ತು, ಅಷ್ಟೇ. ಈಗ ಅದರ ಜಾಗದಲ್ಲಿ ಅತ್ತೆಯದಲ್ಲದ ಹೆಸರು ಮಗುವಿನ ಕಿವಿಗೆ ಬೀಳುತ್ತದೆ. ಅದೂ ತಾನೇ ಕೇಳಿಕೊಂಡು!

ಊರಿಗೆ ಬಂದವಳೇ ಮಗನನ್ನು ಹಿತ್ತಲಿಗೆ ಕರೆದಳು.

"ಲೋ ಪುಟ್ಟಸ್ವಾಮಿ, ನಿಮ್ಮಜ್ಜಿ ಎಸ್ರು ಗೌಡಮ್ಮ ಅಲ್ಲ ಕಣ್ಲಾ."

"ಮತ್ತಿನ್ನೇನು?"

ಬೆಟ್ಟಮ್ಮ ತೆಂಗಿನ ಮರದ ತಲೆಯತ್ತ ಕೈ ತೋರಿಸಿದಳು.

ಪುಟ್ಟಸ್ವಾಮಿ ಕತ್ತೆತ್ತಿ ನೋಡಿದ. "ಏನು, ತೆಂಗಮ್ಮನಾ?"

"ಅಲ್ಲ ಕಣ್ಲಾ. ಅದರೊಳಗೆ."

"ಎಳ್ನೀರಮ್ಮ?"

"ನಿನ್ ಮಕಕ್ಕೆ! ಕಾಯಿಗೂ ಮುಂಚೆ ಏನ್ಲಾ ಬುಡ್ತದೆ ಮರ?"

"ಅವ್ವಾ, ಕಬ್ಬು ಕಡಿಯೋರು ಬಂದು ನಿಂತವ್ರೆ. ಪಾಣೀಲೂ ಗೌಡಮ್ಮ, ಊರೋರ ಬಾಯಲ್ಲೂ ಗೌಡಮ್ಮ. ನೀನು ಮರ ತೋರಿಸ್ಕಂಡು ನಿಂತಿದ್ಯಲ್ಲ" ಎಂದು ಅವನು ಪಂಚೆ ಎತ್ತಿಕಟ್ಟಿ ಹೊರಟೇಬಿಟ್ಟ. ಬರೆದು ತೋರಿಸೋಣವೆಂದರೆ ಬೆಟ್ಟಮ್ಮನಿಗೆ ತನ್ನ ರುಜು ಬಿಟ್ಟು ಬೇರೆ ಅಕ್ಷರ ಬಾರದು. ಸೊಸೆ ಸಣ್ಣತಾಯಮ್ಮ ಪಾತ್ರೆ ಬೆಳಗುತ್ತ ಎಲ್ಲವನ್ನೂ ಕೇಳಿಸಿಕೊಂಡಿದ್ದಳು. "ನಿಮ್ ಕಷ್ಟ ಅರ್ಥ ಆಯ್ತದೆ ಕಣತ್ತೆ. ಆದ್ರೆ ನಂಗೆ ಎಸ್ರೇ ಗೊತ್ತಿಲ್ವಲ್ಲ. ಅವರ ತವರೋರ್ನ ಕೇಳಿ. ತವರೋರ್ಗೆ ಅಡ್ಡಿ ಇರಾಕಿಲ್ಲ."

ಹೌದಲ್ಲ! ಆ ಹೆಸರನ್ನು ಬೆಟ್ಟಮ್ಮ ಮೊದಲು ಕೇಳಿದ್ದೇ ತವರಿನವರ ಬಾಯಲ್ಲಿ. ಅತ್ತೆಯ ಅಣ್ಣ ಸಂತೆಗೆಂದು ಬಂದವರು ಬೀದಿಯಿಂದಲೇ "ಒಂಬಾಳೇ" ಎಂದು ಕೂಗುತ್ತಿದ್ದರು. ಗೌಡತಿಯೆಂಬ ಬಿಗುಮಾನವನ್ನೆಲ್ಲ ಮೊರದಲ್ಲಿ ಬಿಟ್ಟು ಅತ್ತೆ ಹುಡುಗಿಯ ಹಾಗೆ ಓಡಿಬರುತ್ತಿದ್ದಳು.

ಮಾರನೆಯ ದಿನ ಬೆಟ್ಟಮ್ಮ ಮದ್ದೂರಿಗೆ ಹೋಗಿ ಅಲ್ಲಿಂದ ಮಳವಳ್ಳಿಯ ಪ್ರೈವೇಟ್ ಬಸ್ಸು ಹತ್ತಿದಳು. ಕಿಟಕಿ ಪಕ್ಕ ಕೂತವಳಿಗೆ ದಾರಿಯುದ್ದಕ್ಕೂ ತೆಂಗಿನ ಮರಗಳೇ ಕಂಡವು. ಪ್ರತಿ ಮರದ ನೆತ್ತಿಯಲ್ಲೂ ಅತ್ತೆಯ ಹೆಸರು ಅರಳಿ ನಿಂತಿತ್ತು.

ಮಳವಳ್ಳಿಯ ಪಕ್ಕದ ಆ ಹಳ್ಳಿಯಲ್ಲಿ ಅತ್ತೆಯ ತವರುಮನೆಯನ್ನು ಈಗ ನಡೆಸುವವಳು ಮುದ್ದಮ್ಮ, ಅತ್ತೆಯ ಅಣ್ಣನ ಸೊಸೆ. ಬೆಟ್ಟಮ್ಮನಿಗಿಂತ ಎರಡು ಮಳೆಗಾಲಕ್ಕೆ ಚಿಕ್ಕವಳಿರಬಹುದು, ಬಾಯಿ ಮಾತ್ರ ನಾಲ್ಕು ಪಟ್ಟು ದೊಡ್ಡದು. ಜಗುಲಿಯಲ್ಲಿ ಅವರೆಕಾಯಿ ಸುಲಿಯುತ್ತಿದ್ದವಳು ಬೆಟ್ಟಮ್ಮನನ್ನು ಕಂಡು, "ಏನಕ್ಕಾ, ದಾರಿ ತಪ್ಪಿ ಬಂದ್ಯಾ? ನಾನ್ ಸತ್ತಿದೀನಿ ಅಂದಿದ್ರಾ ಯಾರಾರ?" ಎಂದಳು.

ಬೆಟ್ಟಮ್ಮ ಕೂತು, ಒಂದು ಹಿಡಿ ಕಾಯಿ ತಾನೂ ಸುಲಿದು, ವಿಷಯ ಹೇಳಿದಳು. "ನಮ್ಮತ್ತೆ ಎಸ್ರು ನಿಂಗೊತ್ತಲ್ಲ ಮುದ್ದವ್ವ. ನೀನು ಮಂಡ್ಯಕ್ಕೆ ಬಂದು, ಆ ಮಕ್ಕಳ ಮುಂದೆ ಒಂದ್ಸಲ ಏಳ್ಬುಡು. ಸಾಕು."

ಮುದ್ದಮ್ಮನ ಕೈ ನಿಂತಿತು. "ಅಯ್ಯೋ ನಮ್ಮಕ್ಕ! ನಾನೆಂಗೆ ಏಳ್ಲಿ? ನಿಮ್ಮತ್ತೆ ಎಸ್ರೇ ನಮ್ಮತ್ತೇದೂವೆ!"

"ಆಂ?"

"ಊಂ ಮತ್ತೆ. ಈ ಊರಲ್ಲಿ ಆ ಕಾಲ್ದಾಗೆ ಯಾವ ಮನೇಲಿರ್ಲಿಲ್ಲ ಹೇಳು ಆ ಎಸ್ರು?"

ಮುದ್ದಮ್ಮ ಹೇಳಿದ್ದು ನಿಜವೇ. ಆ ಊರಿನಲ್ಲಿ ಕೆರೆಯ ಕೆಳಗೆ ಹೊಸದಾಗಿ ತೆಂಗು ಹಾಕಿದ ಕಾಲದಲ್ಲಿ, ಮರ ಮೊದಲ ಹೊಂಬಾಳೆ ಬಿಟ್ಟ ವರ್ಷ ಹುಟ್ಟಿದ ಹೆಣ್ಣುಕೂಸಿಗೆ ಅದೇ ಹೆಸರಿಡುವುದು ವಾಡಿಕೆಯಾಯಿತು. ಮರಕ್ಕೆ ಫಲ ಬಂತು, ಮನೆಗೂ ಫಲ ಬಂತು ಎಂಬ ಲೆಕ್ಕ. ತೋಟದಿಂದ ತೋಟಕ್ಕೆ ಹೆಸರು ಹಬ್ಬಿತು. ಅಕ್ಕಪಕ್ಕದ ಊರುಗಳಿಗೂ ಹೆಣ್ಣು ಕೊಟ್ಟು ತರುವುದರ ಜೊತೆ ಹೋಯಿತು. ಕರೀ ಹೊಂಬಾಳೆ, ಕೆರೆಮನೆ ಹೊಂಬಾಳೆ, ಬಸ್ಸಿನಿಂದ ಬಿದ್ದವಳು ಬಸ್ಸು ಹೊಂಬಾಳೆ. ಹೀಗೆ ಗುರುತು ಹಚ್ಚಿ ಕರೆಯದಿದ್ದರೆ ಒಬ್ಬಳನ್ನು ಕೂಗಿದರೆ ಬೀದಿಯೇ ತಿರುಗುತ್ತಿತ್ತು. ಮುದ್ದಮ್ಮನ ಅತ್ತೆಯೂ ಹಾಗೆ ಪಕ್ಕದೂರಿಂದ ಬಂದ ಒಬ್ಬ ಹೊಂಬಾಳಮ್ಮ.

"ಮರದ್ ಮ್ಯಾಲಿರೋದನ್ನೇ ನಾವು ಸೊಸೇರು ಎಸ್ರಿಡ್ದು ಕರೆಯಂಗಿರ್ಲಿಲ್ಲ ಕಣಕ್ಕ," ಎಂದಳು ಮುದ್ದಮ್ಮ. "ಮದ್ವೆ ಕಳಸಕ್ಕೆ ಬೇಕಾದ್ರೆ 'ಬಂಗಾರದ್ದು ಕುಯ್ಕ ಬಾ' ಅಂತಿದ್ವಿ. ಮಕ್ಳು ಹುಟ್ಟುದ್ರೆ ಅಜ್ಜಿ ಎಸ್ರು ಮಡಗಾಕೆ ಎದರ್ತಿದ್ವಿ. ಮಡಗುದ್ರೆ ಕೂಗೋದೆಂಗೆ? ಬಯ್ಯೋದೆಂಗೆ? ಅತ್ತೆ ಎಸ್ರಿಡ್ದು 'ಬಾರೇ ಮುಂಡೆ' ಅನ್ನಕಾಯ್ತದಾ?"

ಬೆಟ್ಟಮ್ಮನಿಗೆ ನಗು ತಡೆಯಲಾಗಲಿಲ್ಲ. ನಕ್ಕು ನಕ್ಕು ಕಣ್ಣೊರೆಸಿಕೊಂಡವಳು ತಟ್ಟನೆ ಕೇಳಿದಳು: "ಹಂಗಾರೆ ಈಗ ಈ ಊರಲ್ಲಿ ಆ ಎಸ್ರಿನ ಮಗು ಒಂದೂ ಇಲ್ವಾ?"

ಮುದ್ದಮ್ಮ ಯೋಚಿಸಿದಳು. ಬೀದಿಯ ಈ ತುದಿಯಿಂದ ಆ ತುದಿಯವರೆಗೆ ಮನಸ್ಸಿನಲ್ಲೇ ಒಂದೊಂದು ಮನೆ ಹೊಕ್ಕು ಬಂದಳು. "ಇಲ್ಲ ಕಣಕ್ಕ," ಎಂದಳು. "ಒಂದೂ ಇಲ್ಲ. ಮರ್ವಾದೆ ಕೊಟ್ಟೂ ಕೊಟ್ಟೂ ಎಸ್ರನ್ನೇ ಸಾಯಿಸ್ಬುಟ್ವಲ್ಲೇ ನಾವು!"

ಅಷ್ಟರಲ್ಲಿ ಮುದ್ದಮ್ಮನ ಮಗ ಮಹದೇವು ಟ್ರ್ಯಾಕ್ಟರ್ ನಿಲ್ಲಿಸಿ ಒಳಗೆ ಬಂದ. ಇಬ್ಬರು ಮುದುಕಿಯರು ಸೇರಿ ಮರ, ಬಂಗಾರ, ಕಳಸ ಎಂದು ಒಗಟು ಹೇಳುತ್ತಿರುವುದನ್ನು ಒಂದು ಗಳಿಗೆ ಕೇಳಿಸಿಕೊಂಡು, "ಅದೇ ಒಂಬಾಳಮ್ಮ ಅಂತ ತಾನೆ? ಅದ್ಕೆ ಇಷ್ಟೊಂದು ಸರ್ಕಸ್ಸಾ?" ಎಂದುಬಿಟ್ಟ.

ಇಬ್ಬರೂ ಬೆಚ್ಚಿ ಸೆರಗು ಸರಿಮಾಡಿಕೊಂಡರು, ಒಳಗಿಂದ ಅತ್ತೆಯಂದಿರೇ ಎದ್ದು ಬಂದರೇನೋ ಎಂಬಂತೆ. ಎಷ್ಟು ಕಾಲವಾಗಿತ್ತು ಆ ಹೆಸರು ಕಿವಿಗೆ ಬಿದ್ದು!

"ಪುಟ್ಟಸ್ವಾಮಣ್ಣಂಗೆ ಈಗ್ಲೇ ಫೋನ್ ಮಾಡಿ ಏಳ್ಬುಡ್ಲಾ ದೊಡ್ಡವ್ವ?"

ಅಲ್ಲಿ ಬೆಟ್ಟಮ್ಮ ಎಡವಿದಳು. "ಬ್ಯಾಡ ಕಣಪ್ಪ, ಫೋನಲ್ಲಿ ಏಳೋ ಎಸ್ರಲ್ಲ ಅದು. ನೀನು ತವರುಮನೆ ಗಂಡು. ತೊಟ್ಲು ಶಾಸ್ತ್ರದ ದಿನ ಬಂದು, ನಿಂತ್ಕಂಡು ಏಳು. ನಿಮ್ಮನೆ ಎಣ್ಮಗಳ ಎಸ್ರು, ತಲೆ ಎತ್ಕಂಡು ಬರ್ಲಿ."

ಮಹದೇವು ಒಪ್ಪಿದ. ಆ ದಿನ ಹೇಗೂ ಮಂಡ್ಯಕ್ಕೆ ಕಬ್ಬು ಸಾಗಿಸುವುದಿತ್ತು. ಕಬ್ಬು ಇಳಿಸಿ ನೇರವಾಗಿ ಬರುತ್ತೇನೆಂದ.

ತೊಟ್ಟಿಲ ದಿನ ದೀಪಿಕಳ ತವರಿನ ತಾರಸಿಗೆ ಶಾಮಿಯಾನ ಹಾಕಿದ್ದರು. ಕೆಳಗೆ ಹಜಾರದಲ್ಲಿ ತೊಟ್ಟಿಲು, ಸುತ್ತ ಬಂಧುಬಳಗ. ಮುದ್ದಮ್ಮ ಬೆಳಗಿನ ಬಸ್ಸಿಗೇ ಬಂದು ಬೆಟ್ಟಮ್ಮನ ಪಕ್ಕ ಕೂತಿದ್ದಳು. ಹೆಂಗಸರು ಸೋಬಾನೆ ಶುರುಮಾಡಿದರು. ಬೆಟ್ಟಮ್ಮನ ಕಣ್ಣು ಬಾಗಿಲಲ್ಲೇ ಇತ್ತು. ಮಹದೇವು ಬರಲಿಲ್ಲ. ಬಂದಿದ್ದು ಅವನ ಫೋನು.

ಮುದ್ದಮ್ಮ ಕಿವಿಗೊತ್ತಿ ಕೇಳಿ, ಮುಖ ಸಣ್ಣದು ಮಾಡಿಕೊಂಡಳು. "ಟೈರು ಹೊಡ್ದೋಯ್ತಂತೆ ಕಣಕ್ಕ, ಮದ್ದೂರು ದಾಟಿ ಯಾವುದೋ ತಿರುವಿನಲ್ಲಿ. ಕಬ್ಬು ಬುಟ್ಟು ಬರಂಗಿಲ್ವಂತೆ."

"ಇನ್ನೊಂದ್ಸಲ ಮಾಡು. ಫೋನಲ್ಲೇ ಏಳ್ಲಿ. ಚಂದನನ ಕೈಗೆ ಕೊಡಾವ."

ಮುದ್ದಮ್ಮ ಒತ್ತಿದಳು, ಮತ್ತೆ ಒತ್ತಿದಳು. "ಸ್ವಿಚ್ ಆಫ್ ಅಂತವ್ಳೆ ಕಣಕ್ಕ ಆ ಎಂಗ್ಸು."

"ರಾವುಕಾಲ ಬರ್ತದೆ, ಬೇಗ ಬೇಗ" ಎಂದು ದೀಪಿಕಳ ತಾಯಿ ಅವಸರ ಮಾಡಿದರು. ಮಗುವನ್ನು ತೊಟ್ಟಿಲಿಗೆ ಹಾಕಿದರು. ಚಂದನ ರೇಷ್ಮೆ ಸೀರೆಯ ನೆರಿಗೆ ಒತ್ತಿ ಹಿಡಿದು ಬಗ್ಗಿದಳು. ಮಗುವಿನ ಕಿವಿಯ ಬಳಿ ಕೈ ಮರೆ ಮಾಡಿದಳು.

"ಗೌಡ..."

"ತಡಿ!"

ಬೆಟ್ಟಮ್ಮ ಯಾವಾಗ ಎದ್ದಳೋ, ಯಾವಾಗ ಚಂದನಳ ರಟ್ಟೆ ಹಿಡಿದಳೋ ಅವಳಿಗೇ ಗೊತ್ತಿಲ್ಲ. ಸೋಬಾನೆ ನಿಂತುಹೋಯಿತು.

"ಅದಲ್ಲ ಎಸ್ರು," ಎಂದಳು ಬೆಟ್ಟಮ್ಮ.

ಪುಟ್ಟಸ್ವಾಮಿ ಹಿಂದಿನಿಂದ, "ಅವ್ವಾ, ಇಲ್ಲೂ ಮರ ತೋರಿಸ್ಬೇಡ ಕಣವ್ವ" ಎಂದ. ನಾಲ್ಕು ಜನ ನಕ್ಕರು. ಚಂದನ ನಗಲಿಲ್ಲ. "ಮತ್ತೇನಜ್ಜಿ? ಹೇಳು, ಅದನ್ನೇ ಹೇಳ್ತೀನಿ."

ಬೆಟ್ಟಮ್ಮ ಮುದ್ದಮ್ಮನ ಕಡೆ ತಿರುಗಿದಳು. ಮುದ್ದಮ್ಮ ಸೆರಗಿನಿಂದ ಬಾಯಿ ಮುಚ್ಚಿಕೊಂಡು, ಆಗದು ಎಂದು ತಲೆಯಾಡಿಸಿದಳು. ಇನ್ನು ಯಾರೂ ಉಳಿದಿರಲಿಲ್ಲ.

ಆ ಹೊತ್ತಿನಲ್ಲಿ ಬೆಟ್ಟಮ್ಮನ ಕಣ್ಣಿಗೆ ಕಟ್ಟಿದ್ದು ಹನಕೆರೆಯ ಮನೆಯ ಬಾಗಿಲು. ತನಗೆ ಮಕ್ಕಳಾಗಲಿಲ್ಲವೆಂದು ಗಂಡನಿಗೆ ಎರಡನೇ ಹೆಣ್ಣು ಗೊತ್ತುಮಾಡಿ, ಎಲೆಅಡಿಕೆ ಹಿಡಿದು ನೆಂಟರು ಬಂದಿದ್ದ ದಿನ. ಮಾವ ಹೂಂ ಅಂದಿದ್ದರು, ಗಂಡ ನೆಲ ನೋಡುತ್ತಿದ್ದ. ರಾಗಿ ಕೇರುತ್ತಿದ್ದ ಅತ್ತೆ ಮೊರ ಕೈಯಲ್ಲಿ ಹಿಡಿದೇ ಬಂದು ಬಾಗಿಲಿಗೆ ಅಡ್ಡ ನಿಂತಿದ್ದಳು. "ಈ ಮನೆಗೆ ಒಬ್ಳೇ ಸೊಸೆ. ಇನ್ನೊಬ್ಳು ಬರಂಗಿದ್ರೆ ನನ್ ಎಣ ದಾಟ್ಕಂಡು ಬರ್ಲಿ" ಎಂದಿದ್ದಳು. ಗೌಡರ ಎದುರು ಆ ಮನೆಯಲ್ಲಿ ಯಾವ ಹೆಂಗಸೂ ದನಿ ಎತ್ತಿದ್ದಿಲ್ಲ. ನೆಂಟರು ಎಲೆಅಡಿಕೆ ಮಡಚಿಕೊಂಡು ಹೋದರು. ಆಮೇಲೆ ಕಾಲ ಕೂಡಿ ಪುಟ್ಟಸ್ವಾಮಿ ಹುಟ್ಟಿದ. ಅವತ್ತು ಆಕೆ ಪದ್ಧತಿ ನೋಡಿಕೊಂಡು ಸುಮ್ಮನಿದ್ದಿದ್ದರೆ ಇವತ್ತು ಈ ಯತೀಶ ಎಲ್ಲಿ, ಈ ತೊಟ್ಟಿಲೆಲ್ಲಿ?

ಬೆಟ್ಟಮ್ಮ ಸೆರಗನ್ನು ಸೊಂಟಕ್ಕೆ ಸಿಕ್ಕಿಸಿಕೊಂಡಳು.

"ಒಂಬಾಳಮ್ಮ," ಎಂದಳು.

ದನಿ ಸಣ್ಣಗೆ ಬಂತು. ಹಿಂದೆ ಕೂತವರಿಗೆ ಕೇಳಿಸಲಿಲ್ಲ. ನಾಲಿಗೆಯನ್ನು ಹಲ್ಲಿನ ಹಿಂದೆ ಒಮ್ಮೆ ಆಡಿಸಿ ನೋಡಿಕೊಂಡಳು. ಏನೂ ಆಗಿರಲಿಲ್ಲ. ಬದಲಿಗೆ ಬಾಯಿತುಂಬ ಎಳನೀರು ಕುಡಿದಂತಿತ್ತು.

"ಒಂಬಾಳಮ್ಮ! ನಮ್ಮತ್ತೆ ಎಸ್ರು ಒಂಬಾಳಮ್ಮ ಕಣ್ರಪ್ಪೋ! ಗೌಡಮ್ಮ ಅಲ್ಲ. ಗೌಡಮ್ಮ ಅನ್ನೋದು ನಮ್ಮಾವನ ಗೌಡಿಕೆ. ಒಂಬಾಳಮ್ಮ ಅನ್ನೋದು ಅವಳು!"

ಸಣ್ಣತಾಯಮ್ಮ ಕೈಯಲ್ಲಿದ್ದ ಆರತಿ ತಟ್ಟೆಯನ್ನು ಗಟ್ಟಿಯಾಗಿ ಹಿಡಿದುಕೊಂಡಳು. "ಅದನ್ನ ಅವತ್ತೇ ಏಳೋದಲ್ವಾ ಅವ್ವ?" ಎಂದ ಪುಟ್ಟಸ್ವಾಮಿ.

"ಏಳಿದ್ನಲ್ಲೋ! ಮರ ನೋಡು ಅಂದ್ರೆ ಎಳ್ನೀರಮ್ಮ ಅಂದವ್ನು ನೀನು!"

ಈ ಸಲ ಇಡೀ ಹಜಾರ ನಕ್ಕಿತು. ಆ ನಗುವಿನ ನಡುವೆಯೇ ಮುದ್ದಮ್ಮ ಎದ್ದು ನಿಂತಳು. ಸೆರಗು ಬಾಯಿಂದ ಜಾರಿತ್ತು. "ನಮ್ಮತ್ತೇನೂ ಒಂಬಾಳಮ್ಮನೇ ಕಣ್ರವ್ವ!" ಎಂದು ಯಾರೂ ಕೇಳದಿದ್ದರೂ ಕೂಗಿದಳು. "ಅವಳು ಬಲು ಗಯ್ಯಾಳಿ. ಆದ್ರೂವೆ ಒಂಬಾಳಮ್ಮ!"

ದೀಪಿಕ ತೊಟ್ಟಿಲ ಹಗ್ಗ ಹಿಡಿದು ಅಜ್ಜಿಯನ್ನೇ ನೋಡುತ್ತಿದ್ದಳು. "ಹೊಂಬಾಳೆ ಅಂದ್ರೆ ಏನಜ್ಜಿ? ಹೊನ್ನಿನ ಬಾಳೆಹಣ್ಣಾ?"

"ಹಣ್ಣಲ್ಲ ಕಣವ್ವ," ಎಂದು ಬೆಟ್ಟಮ್ಮ ಅಲ್ಲೇ ನೆಲದ ಮೇಲೆ ಕೂತಳು. ಎರಡೂ ಅಂಗೈ ಜೋಡಿಸಿ ಮೊಗ್ಗಿನಂತೆ ಹಿಡಿದಳು. "ತೆಂಗು ಮೊದ್ಲು ಒಂದು ಪಾಳೆ ಬುಡ್ತದೆ, ಈಟಿ ಇದ್ದಂಗೆ, ಬಾಯಿ ಮುಚ್ಕಂಡು. ಒಳಗೇನೈತೆ ಅಂತ ಯಾರ್ಗೂ ಕಾಣಾಕಿಲ್ಲ. ಒಂದಿನ ತಾನೇ ಸೀಳ್ತದೆ." ಅಂಗೈಗಳನ್ನು ಮೆಲ್ಲಗೆ ಬಿಡಿಸಿದಳು. "ಒಳಗೆಲ್ಲ ಒನ್ನು. ಚಿನ್ನದ ಸರ ಇಳಿಬಿಟ್ಟಂಗೆ ಊವು. ಆ ಗೊನೆಗೊನೆ ಕಾಯೆಲ್ಲ ಅದರಿಂದ್ಲೇ ಬರೋದು. ಒನ್ನಿನ ಪಾಳೆ, ಒಂಬಾಳೆ. ಮದ್ವೆ ಕಳಸದಲ್ಲಿ ಮಡಗ್ತಾರಲ್ಲ, ನಿನ್ ಮದ್ವೇಲೂ ಮಡಗಿದ್ರು. ನೀನು ನೋಡ್ದೆ, ಎಸ್ರು ಗೊತ್ತಿರ್ಲಿಲ್ಲ ಅಷ್ಟೇಯ."

ಆಮೇಲೆ ಬಾಗಿಲ ಕಥೆಯನ್ನೂ ಹೇಳಿದಳು. ಎಲೆಅಡಿಕೆ ತಂದ ನೆಂಟರು, ಮೊರ ಹಿಡಿದು ನಿಂತ ಅತ್ತೆ, ಎಲ್ಲವನ್ನೂ ಎಲ್ಲರೆದುರೂ ಹೇಳಿದಳು. ಮಗನಿಗೂ ಅದು ಹೊಸತು. ಹೇಳುವಾಗ ಅತ್ತೆ ಅತ್ತೆ ಎನ್ನಲಿಲ್ಲ. ಹೊಂಬಾಳಮ್ಮ ಹಿಂಗಂದ್ಲು, ಹೊಂಬಾಳಮ್ಮ ಹಂಗ್ ನಿಂತ್ಲು ಎಂದು ಮಾತುಮಾತಿಗೂ ಹೆಸರು ಹಿಡಿದೇ ಹೇಳಿದಳು. ರಾಹುಕಾಲ ಬಂತೋ ಹೋಯಿತೋ ಯಾರೂ ನೋಡಲಿಲ್ಲ.

ಯತೀಶ ಹೆಂಡತಿಯ ಕಿವಿಯಲ್ಲಿ ಏನೋ ಅಂದ. ದೀಪಿಕ ತಲೆಯಾಡಿಸಿ, "ನಾನೂ ಅದನ್ನೇ ಅಂದ್ಕೊಂಡೆ" ಎಂದಳು. ಆಮೇಲೆ ಎಲ್ಲರಿಗೂ ಕೇಳುವಂತೆ ಹೇಳಿದಳು: "ಚಂದನ, ಕಿವೀಲಿ ಮಾತ್ರ ಬೇಡ, ಜೋರಾಗೇ ಹೇಳು. ಕರೆಯೋ ಹೆಸರೂ ಅದೇ, ಬರೆಸೋ ಹೆಸರೂ ಅದೇ. ಹೊಂಬಾಳೆ."

"ಮತ್ತೆ ಆದ್ವಿಕಾ?" ಎಂದರು ಅವಳ ತಾಯಿ.

"ನನ್ನ ಕ್ಲಾಸಲ್ಲೇ ಮೂರು ಜನ ಆದ್ವಿಕಾ ಇದಾರಮ್ಮ. ಒಬ್ಬಳನ್ನ ಕರೆದ್ರೆ ಮೂರೂ ಓಡಿ ಬರ್ತವೆ."

"ಸ್ಕೂಲಲ್ಲಿ ನಗ್ತಾರೆ ಕಣೇ. ಹಳೇ ಕಾಲದ ಹೆಸರು."

"ನಗ್ಲಿ. ಹೇಳೋಕೆ ಕಥೆ ಇದೆಯಲ್ಲ ಇವಳ ಹತ್ರ. ಅವರ ಹತ್ರ ಏನಿದೆ?"

ಚಂದನ ಮತ್ತೆ ಬಗ್ಗಿದಳು. ಆದರೆ ಕೈ ಮರೆ ಮಾಡುವ ಮೊದಲು ತಲೆ ಎತ್ತಿ, "ಅಜ್ಜಿ, ನೀನೇ ಬಾ" ಎಂದಳು.

"ಸೋದರತ್ತೆ ಏಳ್ಬೇಕು ಕಣವ್ವ, ಅದು ಪದ್ಧತಿ."

"ಪದ್ಧತಿ ಅಂತೆ! ಈಗ ತಾನೆ ಏನ್ಮಾಡ್ದೆ ನೀನು?"

ಇಬ್ಬರೂ ಸೇರಿ ಬಗ್ಗಿದರು. ಮಗು ಒಂದು ಕಿವಿಯಲ್ಲಿ ಚಂದನಳ "ಹೊಂಬಾಳೆ", ಇನ್ನೊಂದರಲ್ಲಿ ಬೆಟ್ಟಮ್ಮನ "ಒಂಬಾಳೆ" ಕೇಳಿಸಿಕೊಂಡು ಮುಖ ಗಂಟಿಕ್ಕಿ, ಒಂದು ಆಕಳಿಕೆ ತೆಗೆದು ಮಲಗಿತು. ಸೋಬಾನೆ ಮತ್ತೆ ಏರಿತು. ಹಾಡಿನಲ್ಲಿ ಕಂದಮ್ಮ ಎಂದು ಬರುವ ಕಡೆಯಲ್ಲೆಲ್ಲ ಮುದ್ದಮ್ಮ ತಾನಾಗಿಯೇ ಹೊಂಬಾಳೆ ಎಂದು ಸೇರಿಸಿ ಹಾಡಿದಳು. ರಾಗಕ್ಕೆ ಕೂಡಿತೋ ಇಲ್ಲವೋ, ದನಿ ಮಾತ್ರ ಎಲ್ಲರಿಗಿಂತ ಮೇಲಿತ್ತು.

ಊಟ ಮುಗಿದು ಜನ ತೆಳುವಾದ ಮೇಲೆ ಬೆಟ್ಟಮ್ಮ ತೊಟ್ಟಿಲ ಬಳಿ ಬಂದು ಹಗ್ಗ ಹಿಡಿದಳು.

"ಒಂಬಾಳೆ," ಎಂದಳು.

"ಈಗ್ ತಾನೆ ಮಲಗಿದೆ, ಎದ್ದುಬಿಡುತ್ತೆ" ಎಂದರು ದೀಪಿಕಳ ತಾಯಿ.

"ಎದ್ರೆ ಏಳ್ಲಿ ಬುಡಿ ಬೀಗಿತ್ತಿ," ಎಂದು ಬೆಟ್ಟಮ್ಮ ತೊಟ್ಟಿಲನ್ನು ಇನ್ನೂ ಜೋರಾಗಿ ಜೀಕಿ, ಬೀದಿಗೆ ಕೇಳುವ ಹಾಗೆ ಮತ್ತೊಮ್ಮೆ ಕೂಗಿದಳು.